ಟಮ್ಮಿ ಟಕ್, ಲೈಪೋ ಆದಮೇಲೆ ಮನೆಯಲ್ಲಿ ಆರಾಮಾಗಿ ಇರೋದು ಹೇಗೆ

ಆಪರೇಷನ್‌ಗೆ ಮುಂಚೆ ಎಲ್ಲರೂ ಕೇಳೋದು ಒಂದೇ, ತುಂಬಾ ನೋವಾಗುತ್ತಾ ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ಯಾರಾದರೂ ನನ್ನನ್ನು ಕೇಳಿದರೆ ಇಷ್ಟು ಹೇಳುತ್ತೇನೆ: ನೋವಿಗೆ ಮಾತ್ರೆ ಇದೆ, ಇರುಸುಮುರುಸಿಗೆ ಇಲ್ಲ. ಮಗ್ಗುಲು ಬದಲಿಸೋಕೆ ಆಗದ ರಾತ್ರಿ, ಸೊಂಟದ ಹತ್ತಿರ ನೇತಾಡುವ ಟ್ಯೂಬು, ಹಗಲೂ ರಾತ್ರಿ ಮೈಗೆ ಬಿಗಿದುಕೊಂಡಿರುವ ಗಾರ್ಮೆಂಟು (ಆಪರೇಷನ್ ಆದ ಜಾಗವನ್ನು ಒತ್ತಿ ಹಿಡಿಯೋ ಎಲಾಸ್ಟಿಕ್ ಉಡುಪು), ಕೆಳಗೆ ಬಿದ್ದ ಟವೆಲ್ ಎತ್ತೋಕೂ ಇನ್ನೊಬ್ಬರನ್ನು ಕರೆಯಬೇಕಾದ ಪರಿಸ್ಥಿತಿ, ಇವೆಲ್ಲ ಸೇರಿ ಮನುಷ್ಯನನ್ನು ಹೈರಾಣ ಮಾಡಿಬಿಡುತ್ತವೆ. ಆದರೆ ಮೊದಲೇ ಸ್ವಲ್ಪ ಯೋಚಿಸಿಟ್ಟುಕೊಂಡರೆ ಇದರಲ್ಲಿ ಬಹಳಷ್ಟನ್ನು ಕಡಿಮೆ ಮಾಡಿಕೊಳ್ಳಬಹುದು.

ನನಗೆ ಆಗಿದ್ದು ಟಮ್ಮಿ ಟಕ್, ಜೊತೆಗೆ ಎರಡೂ ಪಕ್ಕೆಗೆ ಲೈಪೋಸಕ್ಷನ್, ಅಂದರೆ ಸಣ್ಣ ತೂತುಗಳಿಂದ ಕೊಬ್ಬು ಹೀರಿ ತೆಗೆಯೋದು. ತೂಕ ಇಳಿಸಿದ ಮೇಲೆ ಜೋತುಬಿದ್ದಿದ್ದ ಚರ್ಮ ತೆಗೆದು, ಹೊಟ್ಟೆ ಮಧ್ಯದಲ್ಲಿ ಅಗಲವಾಗಿ ಬಿಟ್ಟುಕೊಂಡಿದ್ದ ಸ್ನಾಯುಗಳನ್ನು ಒಳಗೆ ಹೊಲಿದು ಹತ್ತಿರ ತಂದರು. ಹಾಗಾಗಿ ಇಲ್ಲಿ ಹೊಟ್ಟೆಯ ಮಾತೇ ಜಾಸ್ತಿ. ತೋಳು, ತೊಡೆ ಮಾಡಿಸಿಕೊಂಡವರಿಗೆ ಎಲ್ಲಿ ಬೇರೆ ಆಗುತ್ತದೋ ಅಲ್ಲಿ ಅದನ್ನೂ ಹೇಳುತ್ತೇನೆ. ನಿಮ್ಮ ಸರ್ಜನ್ ಹೇಳಿದ್ದಕ್ಕೂ ನಾನು ಬರೆದಿದ್ದಕ್ಕೂ ವ್ಯತ್ಯಾಸ ಬಂದರೆ ಅವರ ಮಾತನ್ನೇ ಕೇಳಿ. ಒಳಗೆ ಎಲ್ಲಿ ಹೊಲಿದಿದ್ದಾರೆ, ಎಷ್ಟು ಬಿಗಿ ಮಾಡಿದ್ದಾರೆ ಅಂತ ಗೊತ್ತಿರೋದು ಅವರಿಗೇ ಅಲ್ವಾ.

ಆಸ್ಪತ್ರೆಗೆ ಹೋಗೋ ಮುಂಚೆ

ಒಂದು ಸಂಜೆ ಹೀಗೆ ಮಾಡಿ ನೋಡಿ. ಹಾಸಿಗೆ ಮೇಲೆ ಬೆನ್ನಿಗೆ ಮೂರು ದಿಂಬು ಕೊಟ್ಟು, ಮಂಡಿ ಮಡಿಸಿ ಒರಗಿ ಕೂತುಕೊಳ್ಳಿ. ಹೊಟ್ಟೆಗೆ ಒಂಚೂರೂ ಕೆಲಸ ಕೊಡದೆ ಕೈ ಎಲ್ಲಿಯವರೆಗೆ ಚಾಚುತ್ತದೆ ನೋಡಿ. ಮೊದಲ ವಾರ ನಿಮ್ಮ ಪ್ರಪಂಚ ಅಷ್ಟೇ. ನೀರು, ಮಾತ್ರೆ, ಫೋನು, ಉದ್ದ ವೈರಿನ ಚಾರ್ಜರ್, ಟಿಶ್ಯೂ, ಕನ್ನಡಕ, ಒಂದು ನೋಟ್‌ಬುಕ್, ಪೆನ್ನು, ಎಲ್ಲ ಆ ಅಳತೆಯೊಳಗೆ ಬರಬೇಕು. ನೀರಿಗೆ ಸ್ಟ್ರಾ ಇರುವ ಬಾಟಲಿ ಇಟ್ಟುಕೊಳ್ಳಿ, ಒರಗಿಕೊಂಡೇ ಕುಡಿಯಬಹುದು. ತೀರಾ ಸಣ್ಣ ವಿಷಯ ಅನ್ನಿಸಬಹುದು, ಆದರೆ ರಾತ್ರಿ ಎರಡು ಗಂಟೆಗೆ ಬಾಯಿ ಒಣಗಿ, ಲೋಟ ಕೈಗೆ ಎಟುಕದೆ, ಪಕ್ಕದ ಕೋಣೆಯಲ್ಲಿ ಮಲಗಿರುವವರನ್ನು ಎಬ್ಬಿಸೋದಾ ಬೇಡವಾ ಅಂತ ಯೋಚಿಸುತ್ತಾ ಬಿದ್ದಿರೋದು ಇದೆಯಲ್ಲ, ಅದು ಬೇಡ.

ಅಡುಗೆಮನೆ, ಬಚ್ಚಲು, ಬೀರು, ಎಲ್ಲ ಕಡೆ ದಿನಾ ಬಳಸೋ ಸಾಮಾನನ್ನು ಸೊಂಟಕ್ಕಿಂತ ಮೇಲೆ, ಭುಜಕ್ಕಿಂತ ಕೆಳಗೆ ಇಡಿ. ಬಗ್ಗೋದೂ ಕಷ್ಟ, ಮೇಲಕ್ಕೆ ಚಾಚೋದೂ ಕಷ್ಟ. ತೋಳಿನ ಆಪರೇಷನ್ ಆದವರಿಗಂತೂ ಕೈ ಭುಜಕ್ಕಿಂತ ಮೇಲೆ ಎತ್ತೋದನ್ನು ಕೆಲವು ವಾರ ಬೇಡ ಅನ್ನುತ್ತಾರೆ. ನೆಲದಲ್ಲಿ ಕಾಲಿಗೆ ಸಿಕ್ಕುವ ವೈರು, ಜಾರುವ ಮ್ಯಾಟು ತೆಗೆದುಬಿಡಿ. ಬಚ್ಚಲ ದಾರಿಗೆ ರಾತ್ರಿ ಉರಿಯೋ ಒಂದು ಸಣ್ಣ ದೀಪ ಇರಲಿ. ಬಟ್ಟೆ ಮುಂದುಗಡೆ ತೆರೆಯುವಂಥದ್ದು, ಸಡಿಲವಾಗಿರುವಂಥದ್ದು. ಚಪ್ಪಲಿ ಬಗ್ಗದೆ ಕಾಲು ತೂರಿಸುವಂಥದ್ದು, ಆದರೆ ಜಾರಬಾರದು. ಸಾಮಾನು ಹಿಡಿದೆತ್ತುವ ಉದ್ದ ಕೋಲು ಸಿಗುತ್ತದೆ, ಒಂದು ತರಿಸಿಕೊಳ್ಳಿ. ನನ್ನ ಮಟ್ಟಿಗೆ ಅತಿ ಹೆಚ್ಚು ಬಳಕೆಯಾಗಿದ್ದು ಅದೇ.

ಲೈಪೋ ಮಾಡಿಸಿಕೊಂಡವರಿಗೆ ಇನ್ನೊಂದು ಮಾತು. ಕೊಬ್ಬು ತೆಗೆಯೋ ಮುಂಚೆ ಆ ಜಾಗಕ್ಕೆ ತುಂಬಾ ದ್ರವ ತುಂಬಿಸಿರುತ್ತಾರೆ. ಅದು ಮೊದಲ ಒಂದೆರಡು ದಿನ ಸಣ್ಣ ತೂತುಗಳಿಂದ ಗುಲಾಬಿ ಬಣ್ಣದ ನೀರಾಗಿ ಸೋರುತ್ತದೆ. ಹಾಸಿಗೆ ಒದ್ದೆಯಾಗಿ ಬಣ್ಣ ಹತ್ತಿದಾಗ ಎದೆ ಝಲ್ ಅನ್ನುತ್ತದೆ, ಆದರೆ ಅದು ಬರೀ ರಕ್ತ ಅಲ್ಲ. ಮೊದಲೇ ಹಾಸಿಗೆಗೆ ನೀರು ಇಳಿಯದ ಹೊದಿಕೆ ಹಾಕಿ, ಮೇಲೆ ಹಳೆಯ ಟವೆಲ್ ಅಥವಾ ಹೀರುವ ಪ್ಯಾಡ್ ಹಾಸಿ. ಆಸ್ಪತ್ರೆಯಿಂದ ಬರುವಾಗ ಗಾಡಿಯ ಸೀಟಿಗೂ ಒಂದು ಹಾಸಿ.

ಸಹಾಯಕ್ಕೆ ಯಾರು ಇರುತ್ತಾರೆ ಅನ್ನೋದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಮೊದಲ ಎರಡು ದಿನ ಒಬ್ಬರೇ ಇರೋ ಮಾತೇ ಬೇಡ. ಒಂದು ವಾರ ಯಾರಾದರೂ ಜೊತೆಗಿದ್ದರೆ ತುಂಬಾ ಒಳ್ಳೆಯದು. ಸಿಗರೇಟು, ತಂಬಾಕು, ನಿಕೋಟಿನ್ ಇರೋ ಯಾವುದೇ ಆದರೂ ಸರ್ಜನ್ ಹೇಳಿದಷ್ಟು ವಾರ ಮುಂಚೆಯೇ ಬಿಟ್ಟಿರಬೇಕು, ಆಮೇಲೂ ಮುಟ್ಟಬಾರದು. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತದೆ. ಎಳೆದು ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಮಲಗೋದು, ಏಳೋದು

ನನ್ನ ಅನುಭವದಲ್ಲಿ ಅರ್ಧ ಆರಾಮ ಇರೋದು ಮಲಗೋ ಭಂಗಿಯಲ್ಲೇ. ಟಮ್ಮಿ ಟಕ್‌ನಲ್ಲಿ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹೊಲಿಗೆ ಇರುತ್ತದೆ. ನೀವು ನೀಟಾಗಿ ಚಾಚಿ ಮಲಗಿದರೆ ಆ ಗೆರೆ ಎರಡೂ ಕಡೆಯಿಂದ ಎಳೆದ ಹಾಗೆ ಆಗುತ್ತದೆ. ಅದಕ್ಕೇ ಬೆನ್ನು 30ರಿಂದ 45 ಡಿಗ್ರಿ ಎತ್ತರದಲ್ಲಿ, ಮಂಡಿ ಸ್ವಲ್ಪ ಮಡಿಸಿ ಇರಬೇಕು. ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ. ರಿಕ್ಲೈನರ್ ಕುರ್ಚಿ ಇದ್ದರೆ ಅದರಲ್ಲೇ ಮಲಗಿ, ತುಂಬಾ ಜನ ಮೊದಲ ಎರಡು ವಾರ ಹಾಗೇ ಕಳೆಯುತ್ತಾರೆ. ಇಲ್ಲದಿದ್ದರೆ ದಿಂಬುಗಳೇ ಗತಿ.

ದಿಂಬು ಜೋಡಿಸೋದರಲ್ಲೂ ಒಂದು ಕ್ರಮ ಇದೆ. ಬರೀ ತಲೆಗೆ ಎರಡು ದಿಂಬು ಕೊಟ್ಟರೆ ಕತ್ತು ಮುಂದಕ್ಕೆ ಬಾಗುತ್ತದೆ, ಬೆಳಗ್ಗೆ ಕತ್ತು ಹಿಡಿದುಕೊಳ್ಳುತ್ತದೆ. ಮೊದಲ ದಿಂಬು ಸೊಂಟದ ಮೇಲ್ಭಾಗದಿಂದಲೇ ಶುರುವಾಗಲಿ, ಅದರ ಮೇಲೆ ಇಳಿಜಾರಾಗಿ ಇನ್ನೊಂದು, ಕೊನೆಗೆ ತಲೆಗೆ ತೆಳುವಾಗಿ ಒಂದು. ಮಂಡಿ ಕೆಳಗೆ ಗಟ್ಟಿ ದಿಂಬು ಅಥವಾ ಸುತ್ತಿದ ಹೊದಿಕೆ. ಎರಡೂ ಮೊಣಕೈ ಕೆಳಗೆ ಒಂದೊಂದು ಸಣ್ಣದು. ಈ ಮೊಣಕೈ ದಿಂಬನ್ನು ಯಾರೂ ಹೇಳೋದಿಲ್ಲ, ಆದರೆ ಅದು ನಿದ್ದೆಯಲ್ಲಿ ಪಕ್ಕಕ್ಕೆ ಉರುಳದಂತೆ ತಡೆಯುತ್ತದೆ, ಭುಜದ ಭಾರವನ್ನೂ ಇಳಿಸುತ್ತದೆ. ಆಪರೇಷನ್‌ಗೆ ಮುಂಚೆ ಎರಡು ಮೂರು ರಾತ್ರಿ ಹೀಗೇ ಮಲಗಿ ಅಭ್ಯಾಸ ಮಾಡಿ. ಹಿಮ್ಮಡಿ ಒಂದೇ ಜಾಗದಲ್ಲಿ ಒತ್ತಿಕೊಂಡು ಉರಿಯುತ್ತಿದ್ದರೆ ಕಾಲಿನ ಮೀನಖಂಡದ ಕೆಳಗೆ ತೆಳುವಾದ ಟವೆಲ್ ಕೊಟ್ಟು ಹಿಮ್ಮಡಿ ತೇಲೋ ಹಾಗೆ ಮಾಡಿ.

ತೋಳಿನ ಆಪರೇಷನ್ ಆದವರು ಕೈಗಳನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕೆ ಎತ್ತಿ ಇಟ್ಟುಕೊಂಡರೆ ಬೆರಳಿನ ಊತ ಕಡಿಮೆ. ಪೃಷ್ಠಕ್ಕೆ ಕೊಬ್ಬು ತುಂಬಿಸಿಕೊಂಡವರದು ಉಲ್ಟಾ, ಬೋರಲಾಗಿ ಅಥವಾ ಮಗ್ಗುಲಲ್ಲಿ ಮಲಗಬೇಕು. ಕೂರಲೇಬೇಕಾದಾಗ ತೊಡೆ ಕೆಳಗೆ ದಿಂಬು ಕೊಟ್ಟು, ಪೃಷ್ಠದ ಮೇಲೆ ಭಾರ ಬೀಳದ ಹಾಗೆ ಕೂರಬೇಕು. ಎಷ್ಟು ವಾರ ಅನ್ನೋದನ್ನು ನಿಮ್ಮ ಸರ್ಜನ್ ಹತ್ತಿರ ಖಚಿತ ಮಾಡಿಕೊಳ್ಳಿ. ಹೊಟ್ಟೆ, ಬೆನ್ನು ಎರಡೂ ಕಡೆ ಹೊಲಿಗೆ ಇದ್ದವರು ಯಾವ ಭಂಗಿ ಸರಿ ಅಂತ ಆಸ್ಪತ್ರೆಯಲ್ಲಿ ಇರುವಾಗಲೇ ಮಾಡಿ ತೋರಿಸೋಕೆ ಹೇಳಿ. ಬಾಯಲ್ಲಿ ಕೇಳಿಸಿಕೊಂಡಿದ್ದು ಮನೆಗೆ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ.

ಏಳುವಾಗ ಹೊಟ್ಟೆಯ ಬಲದಿಂದ ನೇರವಾಗಿ ಎದ್ದು ಕೂರಬಾರದು. ಮಂಡಿ ಮಡಿಸಿ. ಭುಜ, ಸೊಂಟ, ಮಂಡಿ ಮೂರನ್ನೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ಮಗ್ಗುಲಿಗೆ ತಿರುಗಿಸಿ. ಕಾಲು ಮಂಚದಿಂದ ಕೆಳಗೆ ಇಳಿಬಿಡುತ್ತಾ ಮೊಣಕೈ, ಅಂಗೈ ಊರಿ ಮೇಲೆ ಬನ್ನಿ. ಒಂದು ನಿಮಿಷ ಅಲ್ಲೇ ಕೂತು, ತಲೆ ಸುತ್ತು ಇಲ್ಲ ಅಂತ ಖಾತ್ರಿಯಾದ ಮೇಲೆ ನಿಲ್ಲಿ. ಸಹಾಯ ಮಾಡುವವರು ಪ್ರೀತಿಯಿಂದಲೇ ಕೈ ಹಿಡಿದು ಎಳೆಯುತ್ತಾರೆ. ಬೇಡ ಅಂತ ಮೊದಲೇ ಹೇಳಿಡಿ. ಎಳೆದರೆ ಹೊಟ್ಟೆ ತಾನಾಗಿ ಬಿಗಿಯುತ್ತದೆ. ಬೆನ್ನ ಹಿಂದೆ, ಭುಜದ ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ತಳ್ಳಿದರೆ ಸಾಕು.

ಕೆಮ್ಮು, ಸೀನು, ನಗು ಯಾವುದು ಬಂದರೂ ಒಂದು ಸಣ್ಣ ದಿಂಬನ್ನು ಹೊಟ್ಟೆಗೆ ಅವುಚಿಕೊಳ್ಳಿ. ಆ ದಿಂಬು ಯಾವಾಗಲೂ ಪಕ್ಕದಲ್ಲೇ ಇರಲಿ.

ಬಾಗಿಕೊಂಡು ನಡೆಯೋ ದಿನಗಳು

ಮೊದಲ ಒಂದೆರಡು ವಾರ ನೆಟ್ಟಗೆ ನಿಲ್ಲೋಕೆ ಆಗೋದಿಲ್ಲ, ನಿಲ್ಲಲೂಬಾರದು. ಸೊಂಟದಿಂದ ಮುಂದಕ್ಕೆ ಬಾಗಿ ಸಣ್ಣ ಹೆಜ್ಜೆ ಇಡಬೇಕು. ಹೀಗೆ ನಡೆದು ನಡೆದು ಬೆನ್ನು ಹಿಡಿಯುತ್ತದೆ. ನಿಜ ಹೇಳಬೇಕೆಂದರೆ ನಾಲ್ಕನೇ ದಿನದಿಂದ ನನಗೆ ಹೊಟ್ಟೆಗಿಂತ ಬೆನ್ನೇ ಜಾಸ್ತಿ ನೋಯುತ್ತಿತ್ತು. ವಾಕರ್ ಇದ್ದರೆ ಅದರ ಮೇಲೆ ಭಾರ ಹಾಕಿ, ಬೆನ್ನಿಗೆ ಎಷ್ಟೋ ಹಗುರ. ಬೆನ್ನಿನ ಮೇಲ್ಭಾಗವನ್ನು ಯಾರಾದರೂ ಅಂಗೈಯಿಂದ ಮೆಲ್ಲಗೆ ಸವರಿದರೂ ಹಾಯ್ ಅನ್ನಿಸುತ್ತದೆ. ದಿನಾ ಒಂಚೂರು ನೆಟ್ಟಗಾಗುತ್ತಾ ಹೋಗುತ್ತೀರಿ, ಒತ್ತಾಯ ಮಾಡಬೇಡಿ.

ಬಾಗಿಯಾದರೂ ಸರಿ, ನಡೆಯಲೇಬೇಕು. ಎಚ್ಚರವಿರುವಾಗ ಒಂದೆರಡು ಗಂಟೆಗೊಮ್ಮೆ ಕೋಣೆಯಿಂದ ಕೋಣೆಗೆ ಐದು ನಿಮಿಷ. ಇದು ವ್ಯಾಯಾಮ ಅಲ್ಲ. ಒಂದೇ ಕಡೆ ಬಿದ್ದುಕೊಂಡಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಮಲಗಿರುವಾಗಲೂ ಪಾದವನ್ನು ಪೆಡಲ್ ಒತ್ತಿದ ಹಾಗೆ ಮೇಲೆ ಕೆಳಗೆ ಆಡಿಸುತ್ತಿರಿ. ಗಂಟೆಗೊಮ್ಮೆ ಹತ್ತು ಸಲ ನಿಧಾನವಾಗಿ ದೀರ್ಘ ಉಸಿರು ಎಳೆದುಕೊಳ್ಳಿ, ಯಾಕೆಂದರೆ ಗಾರ್ಮೆಂಟಿನ ಬಿಗಿಗೆ, ನೋವಿನ ಹೆದರಿಕೆಗೆ ನಾವು ಗೊತ್ತಿಲ್ಲದೆ ಮೇಲೆ ಮೇಲೆ ಅರೆಬರೆ ಉಸಿರಾಡುತ್ತಾ ಇರುತ್ತೇವೆ, ಶ್ವಾಸಕೋಶದ ತಳಭಾಗ ಸರಿಯಾಗಿ ತೆರೆದುಕೊಳ್ಳೋದೇ ಇಲ್ಲ.

ಗಾರ್ಮೆಂಟು

ಎಲ್ಲರೂ ಬೈಯೋದು ಇದನ್ನೇ, ಮೂರನೇ ವಾರಕ್ಕೆ ಬಿಟ್ಟಿರಲಾಗದೆ ಇರೋದೂ ಇದನ್ನೇ. ಚರ್ಮ ಮತ್ತು ಕೆಳಗಿನ ಪದರದ ನಡುವೆ ಖಾಲಿ ಜಾಗ ಉಳಿದಿರುತ್ತದೆ, ಅಲ್ಲಿ ನೀರು ತುಂಬಿಕೊಳ್ಳದಂತೆ, ಊತ ಹೆಚ್ಚದಂತೆ ಒತ್ತಿ ಹಿಡಿಯೋದು ಇದರ ಕೆಲಸ. ಸಾಮಾನ್ಯವಾಗಿ 4ರಿಂದ 6 ವಾರ ಹಾಕಿಕೊಳ್ಳಿ ಅನ್ನುತ್ತಾರೆ, ಮೊದಲ ದಿನಗಳಲ್ಲಿ ಸ್ನಾನ ಬಿಟ್ಟು ಉಳಿದ ಎಲ್ಲ ಹೊತ್ತೂ.

ಬಿಗಿ ಇದ್ದಷ್ಟೂ ಒಳ್ಳೆಯದು ಅನ್ನೋದು ತಪ್ಪು. ಮೈಯನ್ನು ಅಪ್ಪಿಕೊಂಡ ಹಾಗೆ ಇರಬೇಕು, ಕತ್ತರಿಸಿದ ಹಾಗೆ ಅಲ್ಲ. ಉಸಿರು ಪೂರ್ತಿ ಎಳೆಯೋಕೆ ಆಗುತ್ತಿಲ್ಲ, ಕಾಲು ಅಥವಾ ಬೆರಳು ಜೋಮು ಹಿಡಿಯುತ್ತಿದೆ, ಅಂಚಿನ ಕೆಳಗೆ ಮಾಂಸ ಉಬ್ಬಿ ಬರುತ್ತಿದೆ, ಚರ್ಮ ಕಪ್ಪಾಗುತ್ತಿದೆ ಅಂದರೆ ಸುಮ್ನೆ ಸಹಿಸಿಕೊಳ್ಳಬೇಡಿ. ಸಡಿಲ ಮಾಡಿ ಆಸ್ಪತ್ರೆಗೆ ಫೋನ್ ಮಾಡಿ.

ನನಗಾದ ಒಂದು ತೊಂದರೆ ಹೇಳುತ್ತೇನೆ. ಐದನೇ ದಿನ ಹೊಟ್ಟೆಯ ಎಡಭಾಗದಲ್ಲಿ ಏನೋ ಚುಚ್ಚಿದ ಹಾಗೆ ಇತ್ತು. ಆಪರೇಷನ್ ಅಲ್ವಾ, ಚುಚ್ಚುತ್ತದೆ ಅಂದುಕೊಂಡು ಒಂದಿಡೀ ರಾತ್ರಿ ಕಳೆದೆ. ಬೆಳಗ್ಗೆ ಬಿಚ್ಚಿ ನೋಡಿದರೆ ಗಾರ್ಮೆಂಟಿನ ಒಂದು ಮಡಿಕೆ ಬೆರಳಿನಷ್ಟು ಅಗಲಕ್ಕೆ ಚರ್ಮದೊಳಗೆ ಊರಿಕೊಂಡು, ಕೆಂಪು ಗೆರೆ ಬಿದ್ದಿತ್ತು. ಗುಳಿ ಹೋಗೋಕೆ ವಾರವೇ ಬೇಕಾಯಿತು. ಕೂತಾಗ ಹೊಟ್ಟೆ ಮಡಿಯೋ ಜಾಗದಲ್ಲಿ ಬಟ್ಟೆಯೂ ಮಡಿಯುತ್ತದೆ. ಅಲ್ಲಿನ ಚರ್ಮಕ್ಕೆ ಸ್ಪರ್ಶವೇ ಸರಿಯಾಗಿ ಗೊತ್ತಾಗದ ಕಾರಣ ಎಚ್ಚರಿಕೆ ತಡವಾಗಿ ಬರುತ್ತದೆ. ಅದಕ್ಕೇ ಪ್ರತಿ ಸಲ ಕೂತು ಎದ್ದ ಮೇಲೆ ಎರಡೂ ಅಂಗೈಯಿಂದ ಬಟ್ಟೆಯನ್ನು ಸವರಿ ಮಡಿಕೆ ತೆಗೆಯೋದನ್ನು ಅಭ್ಯಾಸ ಮಾಡಿಕೊಳ್ಳಿ. ಒಳಗೆ ತೆಳುವಾದ, ಹೊಲಿಗೆ ಇಲ್ಲದ ಹತ್ತಿ ಬನಿಯನ್ ಹಾಕಿದರೆ ತುರಿಕೆಯೂ ಕಡಿಮೆ. ಬನಿಯನ್‌ಗೆ ಹೊಲಿಗೆ ಇದ್ದರೆ ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಿ. ಫೋಮ್ ಪ್ಯಾಡ್ ಕೊಟ್ಟಿದ್ದರೆ ಅದರ ಅಂಚು ಹೊಲಿಗೆ ಗೆರೆಯ ಮೇಲೆ ಬರದ ಹಾಗೆ ನೋಡಿಕೊಳ್ಳಿ.

ಹಾಕಿಕೊಳ್ಳೋದೇ ಒಂದು ಸಾಹಸ. ನಿಂತು ಎಳೆದಾಡಬೇಡಿ. ಗಾರ್ಮೆಂಟನ್ನು ಹಾಸಿಗೆ ಮೇಲೆ ಬಿಡಿಸಿ ಹಾಸಿ, ಅದರ ಮೇಲೆ ಮಲಗಿ, ಕೆಳಗಿನಿಂದ ಮೇಲಕ್ಕೆ ಮೊದಲು ಕೊಕ್ಕೆಗಳನ್ನು ಹಾಕಿ. ಆಮೇಲೆ ಜಿಪ್. ಜಿಪ್ ಏರುವಾಗ ಕೆಳಗೆ ಒಂದು ಬೆರಳು ಇಟ್ಟುಕೊಂಡು ಹೋಗಬೇಕು, ಜೋಮಿರುವ ಚರ್ಮ ಸಿಕ್ಕಿಕೊಂಡರೂ ನಿಮಗೆ ಗೊತ್ತಾಗೋದಿಲ್ಲ. ಎರಡು ಗಾರ್ಮೆಂಟ್ ಇದ್ದರೆ ಒಂದು ಒಗೆದು ಒಣಗುವಾಗ ಇನ್ನೊಂದು. ಬಿಸಿ ನೀರು, ಡ್ರೈಯರ್ ಶಾಖ ಬೇಡ, ಎಲಾಸ್ಟಿಕ್ ಹಾಳಾಗುತ್ತದೆ. ಊತ ಇಳಿದ ಹಾಗೆ ಮೊದಲ ಗಾರ್ಮೆಂಟ್ ಸಡಿಲವಾಗುತ್ತದೆ, ಆಗ ಸಣ್ಣ ಅಳತೆಯದು ಬೇಕಾಗುತ್ತದೆ.

ಡ್ರೈನ್

ಎಲ್ಲರಿಗೂ ಹಾಕೋದಿಲ್ಲ, ಹಾಕಿದವರಿಗೆ ಇದರದೇ ಚಿಂತೆ. ಚರ್ಮದ ಕೆಳಗಿನಿಂದ ಬರುವ ಟ್ಯೂಬು, ತುದಿಯಲ್ಲಿ ಕೈಯಲ್ಲಿ ಹಿಡಿಯುವಷ್ಟು ಬಲ್ಬು. ಬಲ್ಬನ್ನು ಹಿಚುಕಿ ಮುಚ್ಚಳ ಹಾಕಿದರೆ ಮಾತ್ರ ಅದು ಎಳೆಯುತ್ತದೆ. ಉಬ್ಬಿಕೊಂಡು ಗುಂಡಗಿದ್ದರೆ ಅದು ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಅರ್ಧ ತುಂಬುವಷ್ಟರಲ್ಲಿ ಖಾಲಿ ಮಾಡಿ. ಕೈ ತೊಳೆದುಕೊಂಡು, ಅಳತೆ ಲೋಟಕ್ಕೆ ಸುರಿದು, ಎಷ್ಟು ಮಿ.ಲೀ., ಯಾವ ಬಣ್ಣ, ಎಷ್ಟು ಹೊತ್ತಿಗೆ ಅಂತ ಬರೆದಿಡಿ. ಎರಡು ಡ್ರೈನ್ ಇದ್ದರೆ ಬೇರೆ ಬೇರೆಯಾಗಿ ಬರೆಯಿರಿ. 24 ಗಂಟೆಯಲ್ಲಿ 30 ಮಿ.ಲೀ.ಗಿಂತ ಕಡಿಮೆ ಬರೋಕೆ ಶುರುವಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ, ಹಾಗಾಗಿ ನೀವು ಬರೆದ ಲೆಕ್ಕವೇ ನಿಮ್ಮ ಬಿಡುಗಡೆ ಪತ್ರ.

ಬಣ್ಣ ಮೊದಲು ಕೆಂಪು, ಆಮೇಲೆ ಗುಲಾಬಿ, ಕೊನೆಗೆ ತಿಳಿ ಹಳದಿ. ಟ್ಯೂಬಿನಲ್ಲಿ ಗರಣೆ ಕಟ್ಟಿಕೊಂಡರೆ ಚರ್ಮದ ಹತ್ತಿರ ಒಂದು ಕೈಯಿಂದ ಟ್ಯೂಬನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಬಲ್ಬಿನ ಕಡೆಗೆ ಹಿಚುಕುತ್ತಾ ಜಾರಿಸಬೇಕು. ಆ ಮೊದಲ ಕೈ ಬಿಟ್ಟರೆ ಚರ್ಮವನ್ನೇ ಎಳೆದ ಹಾಗಾಗುತ್ತದೆ. ಬಲ್ಬನ್ನು ಯಾವತ್ತೂ ನೇತಾಡೋಕೆ ಬಿಡಬೇಡಿ. ಬಾಗಿಲಿನ ಹಿಡಿಗೆ, ಕುರ್ಚಿಯ ಕೈಗೆ ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ. ಹಗಲಲ್ಲಿ ಬಟ್ಟೆಗೆ ಪಿನ್ ಹಾಕಿ ಸಿಕ್ಕಿಸಿ, ಸ್ನಾನದಲ್ಲಿ ಕೊರಳಿಗೆ ಒಂದು ಐಡಿ ಕಾರ್ಡ್ ದಾರ ಹಾಕಿ ಅದಕ್ಕೆ ತಗುಲಿಸಿ. ತೆಗೆಯುವಾಗ ಒಂದೆರಡು ಸೆಕೆಂಡ್ ವಿಚಿತ್ರವಾಗಿ ಹರಿದಾಡಿದ ಹಾಗಾಗುತ್ತದೆ. ಅಷ್ಟೇ.

ಮೊದಲ ಸ್ನಾನ

ಇದಕ್ಕೆ ಸರ್ಜನ್ ಒಪ್ಪಿಗೆ ಬೇಕು. ಕೆಲವರು 48 ಗಂಟೆ ಆದಮೇಲೆ ಅನ್ನುತ್ತಾರೆ, ಕೆಲವರು ಡ್ರೈನ್ ತೆಗೆದ ಮೇಲೆ ಅನ್ನುತ್ತಾರೆ. ಯಾವಾಗಲೇ ಆಗಲಿ, ಮೊದಲ ಸಲ ಒಬ್ಬರೇ ಹೋಗಬೇಡಿ.

ನನ್ನ ಅಕ್ಕ ಜಿಪ್ ಕೆಳಗೆ ಇಳಿಸಿದ್ದು ನೆನಪಿದೆ. ಮೊದಲು ಹಾಯ್ ಅನ್ನಿಸಿತು. ಹತ್ತು ಎಣಿಸುವಷ್ಟರಲ್ಲಿ ಕಿವಿಯಲ್ಲಿ ಗುಂಯ್ ಅಂತ ಸದ್ದು, ಹಣೆಯಲ್ಲಿ ತಣ್ಣನೆ ಬೆವರು, ಗೋಡೆಯ ಟೈಲ್ಸ್ ದೂರ ಸರಿದ ಹಾಗೆ. ಅವಳು ಬೆನ್ನ ಹಿಂದೆ ಸ್ಟೂಲ್ ಇಟ್ಟಿದ್ದಳು, ಕೂತುಬಿಟ್ಟೆ. ದಿನಗಟ್ಟಲೆ ಒತ್ತಿ ಹಿಡಿದಿದ್ದ ಜಾಗವನ್ನು ಒಮ್ಮೆಲೇ ಬಿಟ್ಟಾಗ ರಕ್ತ ಕೆಳಕ್ಕೆ ಇಳಿದು ಬಿಪಿ ಬೀಳುತ್ತದೆ, ಬಿಸಿ ನೀರಿನ ಹಬೆ ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಡುತ್ತದೆ. ಆದ್ದರಿಂದ ಹೀಗೆ ಮಾಡಿ: ಏನಾದರೂ ತಿಂದು, ನೀರು ಕುಡಿದು ಹೋಗಿ. ಗಾರ್ಮೆಂಟನ್ನು ಹಾಸಿಗೆಯಲ್ಲೇ ಸ್ವಲ್ಪ ಸ್ವಲ್ಪವಾಗಿ ಸಡಿಲ ಮಾಡಿ ಹತ್ತು ನಿಮಿಷ ಹಾಗೇ ಇರಿ. ಬಚ್ಚಲಲ್ಲಿ ಜಾರದ ಸ್ಟೂಲ್ ಮೇಲೆ ಕೂತು, ಉಗುರು ಬೆಚ್ಚಗಿನ ನೀರು, ಐದು ನಿಮಿಷ ಸಾಕು. ಬಾಗಿಲಿಗೆ ಚಿಲಕ ಹಾಕಬೇಡಿ. ಹೊಲಿಗೆ ಮೇಲೆ ನೀರು ಸುಮ್ನೆ ಹರಿಯಲಿ, ಉಜ್ಜೋದು ಬೇಡ. ಒರೆಸುವಾಗಲೂ ಟವೆಲನ್ನು ಮೆಲ್ಲಗೆ ಒತ್ತಿ ತೆಗೆಯಿರಿ. ಟಬ್ಬು, ಈಜುಕೊಳ ಗಾಯ ಪೂರ್ತಿ ಮುಚ್ಚುವವರೆಗೆ ಇಲ್ಲ.

ತೊಡೆಯ ಆಪರೇಷನ್ ಆದವರಿಗೆ ತೊಡೆಸಂದಿಯ ಹೊಲಿಗೆ ಸದಾ ತೇವ ಇರುವ ಜಾಗ. ಪ್ರತಿ ಸಲ ಶೌಚಾಲಯಕ್ಕೆ ಹೋಗಿ ಬಂದಮೇಲೆ ಹಿಚುಕುವ ಬಾಟಲಿಯ ನೀರಿನಿಂದ ತೊಳೆದು, ಮೆದು ಬಟ್ಟೆಯಿಂದ ಒತ್ತಿ, ಪೂರ್ತಿ ಒಣಗಿಸಬೇಕು.

ಶೌಚ, ಊಟ, ಮಾತ್ರೆ

ಇದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ಆದರೆ ನಾಲ್ಕನೇ ದಿನ ಹೆಚ್ಚಿನವರ ಗೋಳು ಇದೇ. ಅನಸ್ತೇಷಿಯಾ, ಬಲವಾದ ನೋವಿನ ಮಾತ್ರೆ, ಓಡಾಟ ಇಲ್ಲದಿರೋದು, ಮೂರೂ ಸೇರಿ ಮಲಬದ್ಧತೆ. ಹೊಟ್ಟೆ ಉಬ್ಬಿ ಹೊಲಿಗೆಯನ್ನು ಒಳಗಿನಿಂದ ತಳ್ಳುತ್ತದೆ, ತಿಣುಕೋಕೆ ಆಗೋದಿಲ್ಲ, ತಿಣುಕಲೂಬಾರದು. ಮಲ ಮೆದು ಮಾಡುವ ಔಷಧಿಯನ್ನು ಮೊದಲ ದಿನದಿಂದಲೇ ತೆಗೆದುಕೊಳ್ಳಬಹುದಾ ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿಟ್ಟುಕೊಳ್ಳಿ. ಕಟ್ಟಿಕೊಂಡ ಮೇಲೆ ಬಿಡಿಸೋದಕ್ಕಿಂತ ಕಟ್ಟದ ಹಾಗೆ ನೋಡಿಕೊಳ್ಳೋದು ಎಷ್ಟೋ ಸುಲಭ. ನೀರು, ನಾರಿನಂಶ, ನಡಿಗೆ. ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಈ ದಿನಗಳಲ್ಲಿ ಆಗದ ಮಾತು. ಎತ್ತರದ ಸೀಟು, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಗಟ್ಟಿಯಾದ ಏನಾದರೂ ಇರಬೇಕು.

ಊಟ ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ಗಾಯ ಮಾಯೋಕೆ ಪ್ರೋಟೀನ್ ಬೇಕು. ಉಪ್ಪು ಕಡಿಮೆ ಮಾಡಿದರೆ ಊತಕ್ಕೆ ಒಳ್ಳೆಯದು. ತೂಕ ಇಳಿಸೋ ಆಪರೇಷನ್ ಹಿಂದೆ ಆಗಿದ್ದವರಲ್ಲಿ ಪ್ರೋಟೀನ್, ಕಬ್ಬಿಣ, ಬಿ12 ಕಡಿಮೆ ಇರೋದು ಸಾಮಾನ್ಯ, ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಗ್ಯಾಸ್ಟ್ರಿಕ್ ಬೈಪಾಸ್ ಆದವರು ಐಬುಪ್ರೊಫೆನ್ ತರಹದ ಮಾತ್ರೆ ತೆಗೆದುಕೊಂಡರೆ ಹುಣ್ಣಾಗುವ ಅಪಾಯ ಇದೆ, ಅದನ್ನು ವೈದ್ಯರಿಗೆ ನೆನಪಿಸಿ.

ಮಾತ್ರೆಯನ್ನು ಮೊದಲ ಎರಡು ಮೂರು ದಿನ ನೋವು ಏರುವವರೆಗೆ ಕಾಯದೆ, ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಅಲಾರಂ ಇಡಿ, ತೆಗೆದುಕೊಂಡಿದ್ದನ್ನು ಬರೆದಿಡಿ, ಯಾಕೆಂದರೆ ಆ ಮಂಪರಿನಲ್ಲಿ ನೆನಪನ್ನು ನಂಬೋಕಾಗೋದಿಲ್ಲ. ಪ್ಯಾರಾಸಿಟಮಾಲ್ ಹಲವು ಕಾಂಬಿನೇಷನ್ ಮಾತ್ರೆಗಳಲ್ಲಿ, ಶೀತದ ಮಾತ್ರೆಗಳಲ್ಲೂ ಇರುತ್ತದೆ. ಎಲ್ಲ ಸೇರಿ ಆರೋಗ್ಯವಂತ ದೊಡ್ಡವರಿಗೆ 24 ಗಂಟೆಗೆ 4 ಗ್ರಾಂ ದಾಟಬಾರದು, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಆಸ್ಪಿರಿನ್, ಗಿಡಮೂಲಿಕೆ ಗುಳಿಗೆ ಯಾವುದನ್ನೂ ಕೇಳದೆ ತಗೋಬೇಡಿ, ರಕ್ತ ಸೋರೋದು ಜಾಸ್ತಿಯಾಗಬಹುದು.

ಊತ, ಜೋಮು, ತುರಿಕೆ

ಆಪರೇಷನ್ ಆದ ವಾರದಲ್ಲಿ ತೂಕದ ಯಂತ್ರ ಹತ್ತಬೇಡಿ. ಚರ್ಮ, ಕೊಬ್ಬು ತೆಗೆಸಿಕೊಂಡರೂ ತೂಕ ಏರಿರುತ್ತದೆ, ಅದೆಲ್ಲ ನೀರು. ಬೆಳಗ್ಗೆ ಚಪ್ಪಟೆ ಇದ್ದ ಹೊಟ್ಟೆ ಸಂಜೆಗೆ ಉಬ್ಬಿರುತ್ತದೆ, ತಿಂಗಳುಗಟ್ಟಲೆ ಹೀಗೇ ಇರಬಹುದು. ಹೆಚ್ಚಿನ ಊತ ಮೂರು ತಿಂಗಳಲ್ಲಿ ಇಳಿಯುತ್ತದೆ, ಪೂರ್ತಿ ರೂಪ ನಿಲ್ಲೋಕೆ 6 ತಿಂಗಳಿಂದ ಒಂದು ವರ್ಷ. ಲೈಪೋದ ನೀಲಿ ಕಲೆ, ಊತ ಭೂಮಿಯ ಸೆಳೆತಕ್ಕೆ ಕೆಳಗೆ ಇಳಿದು ತೊಡೆ, ಜನನಾಂಗದವರೆಗೂ ಬರುತ್ತದೆ. ಗಂಡಸರು, ಹೆಂಗಸರು ಇಬ್ಬರಿಗೂ ಆಗುತ್ತದೆ. ಮೊದಲೇ ಗೊತ್ತಿದ್ದರೆ ಗಾಬರಿ ಇಲ್ಲ. ಲೈಪೋ ಜಾಗದಲ್ಲಿ ಕೈಗೆ ಸಿಗುವ ಗಟ್ಟಿ ಗಂಟುಗಳೂ ವಾರಗಳಲ್ಲಿ, ತಿಂಗಳುಗಳಲ್ಲಿ ಮೆದುವಾಗುತ್ತವೆ.

ಹೊಕ್ಕುಳ ಕೆಳಗೆ ಚರ್ಮ ಜೋಮು ಹಿಡಿದಿರುತ್ತದೆ. ಅಲ್ಲಿ ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್ ಇಡಲೇಬೇಡಿ. ಸುಟ್ಟು ಬೊಬ್ಬೆ ಬಂದಮೇಲಷ್ಟೇ ಗೊತ್ತಾಗುತ್ತದೆ. ಐಸನ್ನೂ ಕೇಳದೆ ಇಡಬೇಡಿ. ನರಗಳು ಮತ್ತೆ ಚಿಗುರುವಾಗ ಕರೆಂಟ್ ಹೊಡೆದ ಹಾಗೆ ಚುಳುಕ್, ಆಳದಲ್ಲಿ ಎಲ್ಲೋ ತುರಿಕೆ, ಎಷ್ಟು ಕೆರೆದರೂ ಸಿಗದ ತುರಿಕೆ. ಕೆರೆಯಬೇಡಿ, ಗಾರ್ಮೆಂಟ್ ಮೇಲಿನಿಂದಲೇ ಅಂಗೈಯಿಂದ ಒತ್ತಿ ಹಿಡಿದು ಮೆಲ್ಲಗೆ ತಟ್ಟಿ. ನನಗೆ ಅದರಿಂದಲೇ ಕಡಿಮೆಯಾಗುತ್ತಿತ್ತು.

ಮನಸ್ಸಿಗೂ ಇದೆ. ಮೂರು ನಾಲ್ಕನೇ ದಿನ ಕನ್ನಡಿ ಮುಂದೆ ಬಾಗಿ ನಿಂತು, ಊದಿಕೊಂಡ ಮೈ ನೋಡಿ, ಯಾಕಪ್ಪಾ ಮಾಡಿಸಿಕೊಂಡೆ ಅಂತ ಅತ್ತವರು ನಾನೊಬ್ಬರೇ ಅಲ್ಲ. ನಿದ್ದೆ ಇಲ್ಲ, ಮಾತ್ರೆಯ ಮಂಪರು, ಎಲ್ಲದಕ್ಕೂ ಪರಾಧೀನ. ಅಳು ಬಂದರೆ ಅತ್ತುಬಿಡಿ, ದಿಂಬು ಅವುಚಿಕೊಂಡು. ದಿನಾ ಕನ್ನಡಿ ನೋಡೋ ಬದಲು ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಡಿ. ವ್ಯತ್ಯಾಸ ಅಲ್ಲಿ ಕಾಣುತ್ತದೆ. ಎರಡು ವಾರ ಕಳೆದರೂ ಕತ್ತಲೆ ಕವಿದ ಹಾಗೇ ಇದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ತಕ್ಷಣ ಫೋನ್ ಮಾಡಬೇಕಾದದ್ದು

ಒಂದು ಕಾಲಿನ ಮೀನಖಂಡ ಮಾತ್ರ ಊದಿ, ನೋಯುತ್ತಾ, ಬಿಸಿಯಾಗಿದ್ದರೆ ತಡ ಮಾಡಬೇಡಿ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಫೋನೂ ಬೇಡ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಿ. ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಹೊಲಿಗೆ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು, ಕೆಟ್ಟ ವಾಸನೆ ಇದ್ದರೆ, ಹೊಕ್ಕುಳ ಅಥವಾ ಹೊಲಿಗೆಯ ಅಂಚು ಕಪ್ಪಾಗುತ್ತಿದ್ದರೆ, ಡ್ರೈನ್ ಒಮ್ಮೆಲೇ ಕಡುಗೆಂಪು ರಕ್ತದಿಂದ ಬೇಗ ಬೇಗ ತುಂಬಿದರೆ, ಒಂದೇ ಪಕ್ಕ ದಿಢೀರಂತ ಬಿಗಿದು ಊದಿದರೆ, ಆಗಲೂ ಕಾಯಬೇಡಿ. ಡ್ರೈನ್ ತೆಗೆದ ಮೇಲೆ ಹೊಟ್ಟೆ ತಟ್ಟಿದಾಗ ನೀರಿನ ಚೀಲದ ಹಾಗೆ ಅಲೆ ಎದ್ದರೆ ಅದು ಸೆರೋಮಾ (ಚರ್ಮದ ಕೆಳಗೆ ನೀರು ತುಂಬಿಕೊಳ್ಳೋದು) ಇರಬಹುದು, ಸೂಜಿಯಿಂದ ನೀರು ತೆಗೆಯುತ್ತಾರೆ. ಹೆದರಬೇಕಾದ್ದಲ್ಲ, ಆದರೆ ಬಿಡಬೇಕಾದ್ದೂ ಅಲ್ಲ. ಆಸ್ಪತ್ರೆಯ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಸಿಗೆ ಪಕ್ಕದ ಗೋಡೆಗೆ ಅಂಟಿಸಿ, ಮನೆಯವರಿಗೂ ಕಾಣೋ ಹಾಗೆ.

ಮತ್ತೆ ಕೆಲಸಕ್ಕೆ, ಓಡಾಟಕ್ಕೆ

ಸುಮಾರು ಆರು ವಾರ 4–5 ಕೆ.ಜಿ.ಗಿಂತ ಭಾರ ಎತ್ತಬಾರದು. ಚಿಕ್ಕ ಮಕ್ಕಳಿರುವವರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಎತ್ತಿಕೊಳ್ಳೋ ಬದಲು ನೀವು ಸೋಫಾದಲ್ಲಿ ಕೂತು, ಹೊಟ್ಟೆಗೆ ದಿಂಬು ಅಡ್ಡ ಇಟ್ಟು, ಮಗು ತಾನೇ ಹತ್ತಿ ಪಕ್ಕದಲ್ಲಿ ಬಂದು ಒರಗಲಿ. ಬಲವಾದ ನೋವಿನ ಮಾತ್ರೆ ತೆಗೆದುಕೊಳ್ಳೋದು ನಿಲ್ಲುವವರೆಗೆ, ಬ್ರೇಕನ್ನು ಹಿಂಜರಿಯದೆ ಜೋರಾಗಿ ತುಳಿಯೋಕೆ ಆಗುವವರೆಗೆ ಗಾಡಿ ಓಡಿಸಬೇಡಿ. ಕೂತು ಮಾಡೋ ಕೆಲಸಕ್ಕೆ ಹಲವರು ಎರಡು ಮೂರು ವಾರದಲ್ಲಿ ವಾಪಸ್ ಹೋಗುತ್ತಾರೆ, ಆದರೆ ಮೊದಲ ದಿನಗಳಲ್ಲಿ ಅರ್ಧ ದಿನ ಮಾತ್ರ ಮಾಡೋಕೆ ಆಗುತ್ತಾ ಅಂತ ಕೇಳಿ ನೋಡಿ. ಮಧ್ಯಾಹ್ನದ ಮೇಲೆ ಆ ಊತ ಬರುತ್ತದಲ್ಲ, ಅದಕ್ಕೆ.

ಗಾಯ ಪೂರ್ತಿ ಮುಚ್ಚಿದ ಮೇಲೆ, ಒಪ್ಪಿಗೆ ಸಿಕ್ಕರೆ ಗಾಯದ ಕಲೆ ತಗ್ಗಿಸೋ ಸಿಲಿಕೋನ್ ಪಟ್ಟಿ ಹಚ್ಚಬಹುದು. ಗೆರೆಗೆ ಒಂದು ವರ್ಷ ಬಿಸಿಲು ತಾಗಿಸಬೇಡಿ, ಕಪ್ಪಗೆ ನಿಂತುಬಿಡುತ್ತದೆ.

ಗಾರ್ಮೆಂಟ್ ಸಾಕು ಅಂದ ದಿನ ಖುಷಿಯಲ್ಲಿ ಒಮ್ಮೆಲೇ ಬಿಡಬೇಡಿ. ನಾನು ಮೊದಲು ರಾತ್ರಿ ಹೊತ್ತು ಬಿಟ್ಟೆ, ಆಮೇಲೆ ಬೆಳಗ್ಗೆ ನಾಲ್ಕು ಗಂಟೆ, ಹೀಗೆ ಹತ್ತು ದಿನದಲ್ಲಿ ಬಿಟ್ಟೆ. ಆದರೂ ಇನ್ನೊಂದೆರಡು ತಿಂಗಳು ಅದನ್ನು ಒಗೆದು ಮಡಚಿ ಕೈಗೆ ಸಿಗೋ ಕಡೆ ಇಟ್ಟುಕೊಂಡಿದ್ದೆ. ತುಂಬಾ ಹೊತ್ತು ನಿಲ್ಲಬೇಕಾದ ದಿನ, ದೂರದ ಪ್ರಯಾಣದ ದಿನ ಹಾಕಿಕೊಂಡರೆ ಸಂಜೆ ಹೊಟ್ಟೆ ಹಗುರವಾಗಿರುತ್ತಿತ್ತು.